ಹಳೆಯ ಕಾರಿಗೆ ಕ್ಲಚ್ ಮತ್ತು ಫ್ಲೈವೀಲ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮ್ಯಾನ್ಯುಯಲ್ ಗೇರಿನ ಕಾರುಗಳನ್ನು ಉಳಿಸಿಕೊಂಡಿರುವವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು, ಸಾಧ್ಯವಾದ ಮಟ್ಟಿಗೆ ಅವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ. ಫ್ಲೈವೀಲ್ ಎಂದರೆ ಎಂಜಿನ್ನಿನ ತುದಿಯಲ್ಲಿ ಅದರೊಂದಿಗೇ ತಿರುಗುವ ಭಾರದ ಚಕ್ರ; ಕ್ಲಚ್ ಎಂದರೆ ಒಂದು ಪ್ಲೇಟನ್ನು ಆ ಚಕ್ರಕ್ಕೆ ಒತ್ತಿ ಹಿಡಿದು ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ, ಪೆಡಲ್ ಒತ್ತಿದಾಗ ಬಿಡಿಸುವ ವ್ಯವಸ್ಥೆ. ಉದಾಹರಣೆಗಳು ಹೆಚ್ಚಾಗಿ ಮಾರುತಿ 800ರದ್ದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಈ ಕಾರು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ನನ್ನ ಮನೆಯಲ್ಲಿಯೂ 1997ರ ಒಂದು ಕಾರಿದೆ. ಆದರೆ ಹೇಳಿರುವ ಕ್ರಮ ಝೆನ್, ಎಸ್ಟೀಮ್, ಜಿಪ್ಸಿ, ಪದ್ಮಿನಿ, ಅಂಬಾಸಡರ್ ಯಾವುದಕ್ಕಾದರೂ ಹೊಂದುತ್ತದೆ.

## ಮೊದಲು ತಿಳಿಯಬೇಕಾದದ್ದು

"ಕ್ಲಚ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳ್ತಾರೆ. ನಿಜವಾಗಿಯೂ ಹೋಗಿದೆಯಾ ಅಂತ ನಾನೇ ಹೇಗೆ ತಿಳಿಯಲಿ?"

ಕ್ಲಚ್ ಕೆಡುವುದು ಮುಖ್ಯವಾಗಿ ಮೂರು ಬಗೆಯಲ್ಲಿ, ಮತ್ತು ಮೂರಕ್ಕೂ ಲಕ್ಷಣ ಬೇರೆ ಬೇರೆ. ಎಂಜಿನ್ ಕೂಗುತ್ತದೆ ಆದರೆ ಕಾರು ಎಳೆಯುವುದಿಲ್ಲ ಎಂದಾದರೆ ಅದು ಸ್ಲಿಪ್. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ನೋಡಿ. ಕಾರಿನ ವೇಗ ಏರದೆ ಎಂಜಿನ್ನಿನ ಸದ್ದು ಮಾತ್ರ ಏರಿದರೆ ಸಂಶಯವಿಲ್ಲ. ಪೆಡಲನ್ನು ಪೂರ್ತಿ ಒತ್ತಿದರೂ ರಿವರ್ಸ್ ಗೇರು 'ಕರ್ರ್' ಎಂದು ಕಿರುಚಿಯೇ ಬೀಳುತ್ತದೆ ಎಂದಾದರೆ ಅದು ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂಬ ಸೂಚನೆ. ಇದಕ್ಕೆ ಅನೇಕ ಸಲ ಕೇಬಲ್ಲೋ ಹೈಡ್ರಾಲಿಕ್ಕೋ ಕಾರಣವಾಗಿರುತ್ತದೆಯೇ ಹೊರತು ಪ್ಲೇಟ್ ಅಲ್ಲ. ಕಾರು ಹೊರಡುವಾಗ ಮೈಯೆಲ್ಲ ನಡುಗಿದರೆ, ಫೇಸಿಂಗಿಗೆ (ಪ್ಲೇಟಿನ ಎರಡೂ ಬದಿಯ ಘರ್ಷಣೆಯ ಪದರಕ್ಕೆ) ಎಣ್ಣೆ ತಾಗಿರುವುದು, ಫ್ಲೈವೀಲಿನ ಮುಖ ಕೆಟ್ಟಿರುವುದು ಅಥವಾ ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಹೊತ್ತ ರಬ್ಬರ್ ಆಸರೆ) ಹರಿದಿರುವುದು, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಮೌಂಟಿಂಗನ್ನು ಗೇರ್‌ಬಾಕ್ಸ್ ಇಳಿಸುವ ಮುನ್ನವೇ ನೋಡಿಕೊಳ್ಳಬೇಕು.

"ಕೇಬಲ್ ಟೈಟ್ ಮಾಡಿದರೆ ಸರಿಹೋಗುತ್ತೆ ಅಂತಾರಲ್ಲ?"

ಇದು ಅರ್ಧ ನಿಜ. ಕೇಬಲ್ ಇರುವ ಕಾರುಗಳಲ್ಲಿ ಪ್ಲೇಟ್ ಸವೆದಂತೆಲ್ಲ ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತುವ ಭಾಗದ) ಡಯಾಫ್ರಾಮ್ ಬೆರಳುಗಳು, ಅಂದರೆ ಅದರ ತಟ್ಟೆಯಂಥ ಸ್ಪ್ರಿಂಗಿನ ಒಳತುದಿಗಳು, ರಿಲೀಸ್ ಬೇರಿಂಗಿನ (ಪೆಡಲ್ ಒತ್ತಿದಾಗ ಆ ಬೆರಳುಗಳನ್ನು ತಳ್ಳುವ ಬೇರಿಂಗಿನ) ಕಡೆಗೆ ಸರಿಯುತ್ತವೆ. ಹೀಗಾಗಿ ಪೆಡಲಿನ ಫ್ರೀ ಪ್ಲೇ, ಅಂದರೆ ಭಾರ ಸಿಗುವ ಮುನ್ನ ಇರುವ ಖಾಲಿ ಚಲನೆ, ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ. ಅದು ಪೂರ್ತಿ ಇಲ್ಲವಾದ ಮೇಲೆ ಬೇರಿಂಗು ಸದಾ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ, ಕಾಲನ್ನು ಪೆಡಲಿನ ಮೇಲೆ ಇಟ್ಟಂತೆಯೇ ಕ್ಲಚ್ ಜಾರುತ್ತದೆ. ಆದ್ದರಿಂದ ಸ್ಲಿಪ್ ಆಗುತ್ತಿರುವ ಕಾರಿನಲ್ಲಿ ಮಾಡಬೇಕಾದದ್ದು ಕೇಬಲ್ ಬಿಗಿ ಮಾಡುವುದಲ್ಲ, ಸಡಿಲಿಸುವುದು. ಇಂಥ ಸಣ್ಣ ಕಾರುಗಳಲ್ಲಿ ಪೆಡಲಿನ ತುದಿಯಲ್ಲಿ ಸುಮಾರು 15ರಿಂದ 25 ಮಿ.ಮೀ. ಫ್ರೀ ಪ್ಲೇ ಇರುವುದು ವಾಡಿಕೆ. ಅಷ್ಟು ಕೊಟ್ಟ ಮೇಲೂ ಜಾರಿದರೆ ಪ್ಲೇಟಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು. ಬಿಗಿ ಮಾಡಬೇಕಾದದ್ದು ಗೇರು ಬೀಳದೆ ಕಿರುಚುವಾಗ ಮಾತ್ರ.

"ಎಷ್ಟು ಕಿಲೋಮೀಟರಿಗೆ ಕ್ಲಚ್ ಬದಲಿಸಬೇಕು?"

ಇಂತಿಷ್ಟು ಎಂಬ ಲೆಕ್ಕವಿಲ್ಲ, ಏಕೆಂದರೆ ಕ್ಲಚ್ ಸವೆಯುವುದು ಕಾರು ಓಡಿದ ದೂರದಿಂದಲ್ಲ, ಜಾರಿದ ಹೊತ್ತಿನಿಂದ. ಇಬ್ಬರು ಮೂವರು ಕುಳಿತು ಸುಮಾರು 800 ಕಿಲೋ ತೂಗುವ ಕಾರು ನಿಂತಲ್ಲಿಂದ ಗಂಟೆಗೆ 10 ಕಿ.ಮೀ. ವೇಗ ಪಡೆಯಲು ಬೇಕಾದ ಶಕ್ತಿ ಸುಮಾರು 3 ಕಿಲೋಜೂಲ್. ಎಂಜಿನ್ನಿನ ವೇಗವನ್ನು ಒಂದೇ ಸಮ ಹಿಡಿದು ಕ್ಲಚ್ ಬಿಟ್ಟರೆ ಅಷ್ಟೇ ಶಕ್ತಿ ಶಾಖವಾಗಿ ಫೇಸಿಂಗ್ ಮತ್ತು ಫ್ಲೈವೀಲಿನ ನಡುವೆ ಇಳಿಯುತ್ತದೆ. ಹಾಫ್ ಕ್ಲಚ್‌ನಲ್ಲೇ 20 ಕಿ.ಮೀ. ವೇಗದವರೆಗೆ ಎಳೆದರೆ ಆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಏರಿನಲ್ಲಿ ಇದು ಇನ್ನೂ ಹೆಚ್ಚು. ಮೈಸೂರು ರಸ್ತೆಯ ಸಂಜೆಯ ದಟ್ಟಣೆಯಲ್ಲಿ ತೆವಳುವ ಕಾರಿನ ಕ್ಲಚ್ಚೂ ತುಮಕೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಓಡುವ ಕಾರಿನ ಕ್ಲಚ್ಚೂ ಒಂದೇ ಮೀಟರ್ ರೀಡಿಂಗಿನಲ್ಲಿ ಒಂದೇ ಸ್ಥಿತಿಯಲ್ಲಿರಲು ಸಾಧ್ಯವಿಲ್ಲ.

"ಕ್ಲಚ್ ಸೆಟ್ ಅಂದರೆ ಏನೇನು ಬರುತ್ತೆ? ಫ್ಲೈವೀಲೂ ಸೇರಿರುತ್ತಾ?"

ಸಾಮಾನ್ಯವಾಗಿ ಸೆಟ್ಟಿನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಇರುತ್ತವೆ. ಕೆಲವು ಡಬ್ಬಿಗಳಲ್ಲಿ ಮೊದಲ ಎರಡು ಮಾತ್ರ ಇದ್ದು ಬೇರಿಂಗನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಫ್ಲೈವೀಲ್ ಎಂಜಿನ್ನಿನ ಭಾಗ, ಸೆಟ್ಟಿಗೆ ಸೇರಿದ್ದಲ್ಲ. ಹಾಗೆಯೇ ಕೇಬಲ್, ಫೋರ್ಕಿನ (ರಿಲೀಸ್ ಬೇರಿಂಗನ್ನು ತಳ್ಳುವ ಕವಲಿನ) ಬುಶ್‌ಗಳು, ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟಿನ ತುದಿಯನ್ನು ಹಿಡಿಯುವ ಬೇರಿಂಗ್) ಮತ್ತು ಎರಡು ಆಯಿಲ್ ಸೀಲ್‌ಗಳು ಸೆಟ್ಟಿನ ಹೊರಗಿನವು. ಗೇರ್‌ಬಾಕ್ಸ್ ಇಳಿಸಿದ ದಿನವೇ ಇವುಗಳ ಅವಶ್ಯಕತೆ ಗೊತ್ತಾಗುವುದರಿಂದ ಮುಂಚೆಯೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

"ಪ್ಲೇಟ್ ಒಂದನ್ನೇ ಹಾಕಿಸಿದರೆ ಸಾಲದೇ? ಪ್ರೆಶರ್ ಪ್ಲೇಟ್ ಚೆನ್ನಾಗೇ ಕಾಣುತ್ತೆ."

ಈ ಪ್ರಶ್ನೆಗೆ ನನ್ನ ಉತ್ತರ ಸಾಮಾನ್ಯವಾಗಿ 'ಸಾಲದು' ಎಂದೇ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಪ್ಲೇಟ್ ಒಂದಕ್ಕೂ ಅಷ್ಟೇ, ಪೂರ್ತಿ ಸೆಟ್ಟಿಗೂ ಅಷ್ಟೇ. ಇದಕ್ಕಿಂತ ಮುಖ್ಯವಾದ ಕಾರಣವೆಂದರೆ, ಹಳೆಯ ಪ್ಲೇಟಿನೊಂದಿಗೆ ಲಕ್ಷಾಂತರ ಸಲ ಬಾಗಿ ಎದ್ದ ಡಯಾಫ್ರಾಮ್ ಸ್ಪ್ರಿಂಗ್ ತನ್ನ ಬಿಗಿತವನ್ನು ಎಷ್ಟು ಕಳೆದುಕೊಂಡಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಪ್ರೆಶರ್ ಪ್ಲೇಟನ್ನು ಬೆಳಕಿಗೆ ಹಿಡಿದು ಬೆರಳುಗಳ ತುದಿಯನ್ನು ಉಗುರಿನಿಂದ ಸವರಿ ನೋಡಿ: ಬೇರಿಂಗ್ ತಾಗುವಲ್ಲಿ ಹೊಳೆಯುವ ತಗ್ಗೊಂದು ಉಗುರಿಗೆ ಸಿಕ್ಕಿದರೆ, ಅಥವಾ ಬೆರಳುಗಳಲ್ಲಿ ಒಂದೆರಡು ಉಳಿದವಕ್ಕಿಂತ ಎತ್ತರ ತಗ್ಗಾಗಿದ್ದರೆ, ಅದನ್ನು ಮತ್ತೆ ಹಾಕಬಾರದು. ಇತ್ತೀಚೆಗಷ್ಟೇ ಪೂರ್ತಿ ಸೆಟ್ ಹಾಕಿಸಿದ್ದು, ಎಣ್ಣೆ ತಾಗಿ ಪ್ಲೇಟ್ ಮಾತ್ರ ಹಾಳಾಗಿದ್ದರೆ, ಆಗ ಪ್ಲೇಟ್ ಒಂದನ್ನೇ ಬದಲಿಸುವುದು ಸರಿಯೇ.

## ಅಂಗಡಿಗೆ ಹೋಗುವ ಮುನ್ನ

"'98 ಮಾಡೆಲ್ ಮಾರುತಿ 800' ಅಂತ ಹೇಳಿದರೆ ಅಂಗಡಿಯವರಿಗೆ ಸಾಕಲ್ಲವೇ?"

ಸಾಲದು, ತಪ್ಪು ಭಾಗ ಮನೆಗೆ ಬರುವುದು ಹೆಚ್ಚಾಗಿ ಇಲ್ಲಿಂದಲೇ. ಒಂದೇ ಹೆಸರಿನಡಿ ಮೂವತ್ತು ವರ್ಷ ತಯಾರಾದ ಕಾರಿನಲ್ಲಿ ಕಾರ್ಬುರೇಟರ್ ಇದ್ದ ಎಂಜಿನ್ ಉಂಟು, ಎಂ.ಪಿ.ಎಫ್.ಐ. (ಪೆಟ್ರೋಲನ್ನು ಇಂಜೆಕ್ಟರಿನಿಂದ ಸಿಂಪಡಿಸುವ ಎಂಜಿನ್) ಉಂಟು, ನಾಲ್ಕು ಗೇರಿನ ಪೆಟ್ಟಿಗೆ ಉಂಟು, ಐದು ಗೇರಿನದೂ ಉಂಟು. 796 ಸಿ.ಸಿ. ಎಂಜಿನ್ನನ್ನು ಓಮ್ನಿಯೂ ಹಂಚಿಕೊಂಡಿದೆ, ಆದರೆ ಓಮ್ನಿ ಹಿಂದಿನ ಚಕ್ರ ಓಡಿಸುವ ವಾಹನ, ಅದರ ಗೇರ್‌ಬಾಕ್ಸೇ ಬೇರೆ. ಕ್ಲಚ್ ಪ್ಲೇಟಿನ ಒಂದು ಮುಖ ಎಂಜಿನ್ನಿಗೂ ನಡುವಿನ ಹಬ್ ಗೇರ್‌ಬಾಕ್ಸಿಗೂ ಸೇರಿದ್ದು. ಎಂಜಿನ್ ಒಂದೇ ಎಂದ ಮಾತ್ರಕ್ಕೆ ಪ್ಲೇಟ್ ಕೂರುತ್ತದೆಂದು ನಂಬಬಾರದು. ಇದಲ್ಲದೆ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಮೂರ್ನಾಲ್ಕು ಕೈ ಬದಲಾದ ಕಾರಿಗೆ ಹಿಂದಿನ ಮಾಲೀಕರು ಬೇರೆ ಗೇರ್‌ಬಾಕ್ಸ್ ಕೂರಿಸಿರುವ ಸಾಧ್ಯತೆ ಇದ್ದೇ ಇದೆ, ಮತ್ತು ಆ ಸಂಗತಿ ಆರ್.ಸಿ. ಪುಸ್ತಕದಲ್ಲಿ ಇರುವುದಿಲ್ಲ. ಷಾಸಿ ನಂಬರು, ಎಂಜಿನ್ ನಂಬರು, ಗೇರ್‌ಗಳ ಸಂಖ್ಯೆ ಬರೆದುಕೊಳ್ಳಿ. ಆದರೆ ಕೊನೆಯ ಸಾಕ್ಷಿ ಕಾರಿನಿಂದ ಬಿಚ್ಚಿದ ಹಳೆಯ ಭಾಗವೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅನುಭವಸ್ಥ ಅಂಗಡಿಯವರು ಮೊದಲು ಕೇಳುವುದೂ 'ಸ್ಯಾಂಪಲ್ ತಂದಿದ್ದೀರಾ' ಎಂದೇ.

"ಹಳೆ ಪ್ಲೇಟ್ ಕೈಯಲ್ಲಿದೆ. ಅದರಲ್ಲಿ ಏನೇನು ಅಳೆಯಬೇಕು?"

ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಐದು ನಿಮಿಷ ಸಾಕು. ಫೇಸಿಂಗಿನ ಹೊರವ್ಯಾಸ ಮತ್ತು ಒಳವ್ಯಾಸ, ಹಬ್ಬಿನ ಒಳಗಿನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ (ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿ ಎಣಿಸಿದರೆ ತಪ್ಪುವುದಿಲ್ಲ), ಸ್ಪ್ಲೈನಿನ ವ್ಯಾಸ, ಹಬ್ಬು ಎರಡೂ ಕಡೆ ಎಷ್ಟೆಷ್ಟು ಹೊರಚಾಚಿದೆ ಎಂಬುದು. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಬ್ಬು ಫ್ಲೈವೀಲಿನ ಕಡೆ ಎರಡು ಮಿ.ಮೀ. ಹೆಚ್ಚು ಚಾಚಿದ್ದರೂ ಅದು ಫ್ಲೈವೀಲಿನ ಬೋಲ್ಟ್ ತಲೆಗಳಿಗೆ ಉಜ್ಜಬಹುದು, ಮತ್ತು ಇದು ತಿಳಿಯುವುದು ಎಲ್ಲವನ್ನೂ ಜೋಡಿಸಿ ಕಾರು ಸ್ಟಾರ್ಟ್ ಮಾಡಿದ ಮೇಲೆ. ಪ್ರೆಶರ್ ಪ್ಲೇಟಿನಲ್ಲಿ ಬೋಲ್ಟ್ ರಂಧ್ರಗಳ ಸಂಖ್ಯೆ ಮತ್ತು ಎದುರುಬದುರು ರಂಧ್ರಗಳ ನಡುವಿನ ದೂರ, ಡವೆಲ್ ಪಿನ್ನಿನ (ಜಾಗ ತಪ್ಪದಂತೆ ಹಿಡಿಯುವ ಪಿನ್ನಿನ) ರಂಧ್ರಗಳು, ಬೆರಳುಗಳ ಎತ್ತರ. ಬೇರಿಂಗಿನಲ್ಲಿ ಒಳವ್ಯಾಸ, ಎತ್ತರ ಮತ್ತು ಬೆರಳಿಗೆ ತಾಗುವ ಮುಖದ ಆಕಾರ. ಬೇರಿಂಗಿನ ಮುಖ ಚಪ್ಪಟೆಯೋ ದುಂಡೋ ಎಂಬುದು ಡಯಾಫ್ರಾಮ್ ಬೆರಳುಗಳ ಆಕಾರಕ್ಕೆ ಜೋಡಿಯಾಗಿರಬೇಕು, ಅದಕ್ಕೆಂದೇ ಮೂರನ್ನೂ ಒಂದೇ ತಯಾರಕರದ್ದು ಕೊಳ್ಳಿ ಎನ್ನುವುದು. ಅಳತೆಯ ಜೊತೆಗೆ ಹೊಸ ಪ್ಲೇಟನ್ನು ಅಂಗಡಿಯಲ್ಲೇ ಹಳೆಯದರ ಮೇಲೆ ಇಟ್ಟು ನೋಡಿ, ಮತ್ತು ಮನೆಗೆ ತಂದಮೇಲೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ಕೈಯಿಂದ ಜಾರಿಸಿ ನೋಡಿ. ತಡೆಯಿಲ್ಲದೆ ಜಾರಬೇಕು, ಆದರೆ ಅಲುಗಾಡಬಾರದು.

"ಪ್ಲೇಟ್ ಇನ್ನೂ ದಪ್ಪ ಇದೆ ಅನಿಸುತ್ತೆ. ಸವೆದಿದೆ ಅಂತ ಯಾವ ಲೆಕ್ಕದಲ್ಲಿ ಹೇಳೋದು?"

ದಪ್ಪಕ್ಕಿಂತ ರಿವೆಟ್ಟಿನ ಆಳವೇ ಸರಿಯಾದ ಲೆಕ್ಕ. ಫೇಸಿಂಗಿನ ಮೇಲ್ಮೈಯಿಂದ ರಿವೆಟ್ ತಲೆ ಎಷ್ಟು ಕೆಳಗಿದೆ ಎಂದು ಕ್ಯಾಲಿಪರಿನ ಬಾಲದಿಂದ ಅಳೆಯಿರಿ, ಅದು 0.3ರಿಂದ 0.5 ಮಿ.ಮೀ. ಮಟ್ಟಕ್ಕೆ ಇಳಿದಿದ್ದರೆ ಬದಲಿಸುವ ಹೊತ್ತಾಗಿದೆ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ನಿಖರವಾದ ಮಿತಿ ಇರುತ್ತದೆ. ರಿವೆಟ್ ಮೇಲ್ಮೈಗೆ ಬಂದ ಪ್ಲೇಟ್ ಫ್ಲೈವೀಲನ್ನು ಗ್ರಾಮೊಫೋನ್ ತಟ್ಟೆಯಂತೆ ಗೆರೆಗೆರೆಯಾಗಿ ಕೊರೆದುಬಿಡುತ್ತದೆ, ಆಗ ಒಂದು ಖರ್ಚಿನ ಜಾಗದಲ್ಲಿ ಎರಡಾಗುತ್ತದೆ.

"ಶೋರೂಮ್ ಒರಿಜಿನಲ್ಲೇ ಬೇಕಾ, ಹೊರಗಿನ ಕಂಪನಿ ಮಾಲು ನಡೆಯುತ್ತಾ?"

ಕಾರು ತಯಾರಕರು ಕ್ಲಚ್ಚನ್ನು ತಾವೇ ತಯಾರಿಸುವುದು ಅಪರೂಪ. ವಾಲಿಯೋ, ಲುಕ್, ಎಕ್ಸೆಡಿ, ಸ್ಯಾಕ್ಸ್‌ನಂಥ ಕ್ಲಚ್ ಕಂಪನಿಗಳಿಂದ ಪಡೆದು ತಮ್ಮ ಡಬ್ಬಿಯಲ್ಲಿ ಮಾರುತ್ತಾರೆ. ಆದ್ದರಿಂದ ಇಂಥ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರುವ ಸೆಟ್, ಭಾಗದ ನಂಬರು ನಿಮ್ಮ ಕಾರಿಗೆ ತಾಳೆಯಾಗುವುದಾದರೆ, ಎರಡನೆಯ ದರ್ಜೆಯದ್ದೇನೂ ಅಲ್ಲ. ನಾನು ನನ್ನ ಕಾರಿಗೆ ಅದನ್ನೇ ಹಾಕಿದ್ದೇನೆ. ಆದರೆ ಹೆಸರೇ ಇಲ್ಲದ, ಅಥವಾ ಕೇಳದ ಹೆಸರಿನ ಮಾಲಿನ ವಿಷಯದಲ್ಲಿ ನಾನು ಕಟ್ಟುನಿಟ್ಟು: ಕ್ಲಚ್ ಪ್ಲೇಟ್ ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುವ ವಸ್ತು, ಅದರ ಫೇಸಿಂಗ್ ಸಿಡಿದರೆ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚ) ಬಿರುಕು ಬಿಡುವಷ್ಟು ಹಾನಿಯಾಗಬಹುದು. ಕೆಲವು ನೂರು ರೂಪಾಯಿ ಉಳಿಸಲು ಇದು ತಕ್ಕ ಜಾಗವಲ್ಲ.

"ಡಬ್ಬಿ ಒರಿಜಿನಲ್ಲಿನ ಹಾಗೇ ಇರುತ್ತೆ. ನಕಲಿ ಅಂತ ಗುರುತಿಸೋದು ಹೇಗೆ?"

ಡಬ್ಬಿಯನ್ನು ನೋಡಬೇಡಿ, ಭಾಗವನ್ನು ನೋಡಿ. ಒಳ್ಳೆಯ ಪ್ಲೇಟಿನಲ್ಲಿ ರಿವೆಟ್ಟುಗಳೆಲ್ಲ ಒಂದೇ ಆಳಕ್ಕೆ ಕುಳಿತಿರುತ್ತವೆ, ಫೇಸಿಂಗಿನ ಅಂಚಿನಲ್ಲಿ ಉದುರುವ ಪುಡಿ ಇರುವುದಿಲ್ಲ, ಡ್ಯಾಂಪರ್ ಸ್ಪ್ರಿಂಗುಗಳು (ಹಬ್ಬಿನ ಸುತ್ತ ಕುಲುಕಾಟ ನುಂಗುವ ಸ್ಪ್ರಿಂಗುಗಳು) ತಮ್ಮ ಕಿಟಕಿಗಳಲ್ಲಿ ಕೈಯಿಂದ ಅಲ್ಲಾಡುವುದಿಲ್ಲ, ಎರಡು ಫೇಸಿಂಗುಗಳ ನಡುವೆ ಅಲೆಯಲೆಯಾದ ತೆಳು ಉಕ್ಕಿನ ಹಾಳೆ ಇದ್ದು ಬೆರಳಿಂದ ಅಮುಕಿದಾಗ ತುಸು ಒತ್ತಿಕೊಳ್ಳುತ್ತದೆ. ಈ ಅಲೆಯೇ ಕ್ಲಚ್ ಮೆತ್ತಗೆ ಹಿಡಿಯಲು ಕಾರಣ. ಕಳಪೆ ಮಾಲಿನಲ್ಲಿ ಹಾಳೆ ಚಪ್ಪಟೆಯಾಗಿದ್ದು ಕಾರು ಎಗರಿ ಹೊರಡುತ್ತದೆ. ಭಾಗದ ಮೇಲಿನ ನಂಬರು ಕೊರೆದದ್ದೋ ಒತ್ತಿದ್ದೋ ಆಗಿದ್ದು ಡಬ್ಬಿಯ ನಂಬರಿಗೆ ತಾಳೆಯಾಗಬೇಕು. ಜಿ.ಎಸ್.ಟಿ. ಬಿಲ್ಲಿನಲ್ಲಿ ಭಾಗದ ನಂಬರನ್ನೇ ಬರೆಸಿಕೊಳ್ಳಿ. ಬಿಲ್ ಕೊಡಲು ಹಿಂಜರಿಯುವಲ್ಲಿ ಕ್ಲಚ್ ಕೊಳ್ಳಬೇಡಿ.

"ಹಳೆ ಪ್ಲೇಟಿಗೆ ಹೊಸ ಫೇಸಿಂಗ್ ಹೊಡೆಸಿದರೆ ಹೇಗೆ?"

ಹೊಸದು ಸುಲಭವಾಗಿ ಸಿಗುವ ಕಾರಿಗೆ ಬೇಡವೇ ಬೇಡ. ಹೊಸದು ಸಿಗದ ಹಳೆಯ ಕಾರಿಗೆ, ಹಬ್ಬಿನ ಸ್ಪ್ಲೈನ್ ಮತ್ತು ಡ್ಯಾಂಪರ್ ಸ್ಪ್ರಿಂಗುಗಳು ಗಟ್ಟಿಯಾಗಿದ್ದರೆ, ಇದು ಗೌರವದ ದಾರಿ. ಕೆಲಸ ಮಾಡುವವರಿಗೆ ಕಲ್ನಾರು ಇಲ್ಲದ ಫೇಸಿಂಗನ್ನೇ ಕೇಳಿ. ಹಳೆಯ ಫೇಸಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದ್ದಿರಬಹುದಾದ್ದರಿಂದ ಬೆಲ್ ಹೌಸಿಂಗಿನ ಕರಿ ಪುಡಿಯನ್ನು ಗಾಳಿ ಹೊಡೆದು ಊದಬಾರದು; ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಗ್ಯಾರೇಜಿನ ಹುಡುಗರು ಇದನ್ನು ಪ್ರತಿದಿನ ಉಸಿರಾಡುತ್ತಾರೆ, ಅವರಿಗೂ ಹೇಳಿ.

## ಫ್ಲೈವೀಲಿನ ಪ್ರಶ್ನೆಗಳು

"ಫ್ಲೈವೀಲ್ ಹೊಸದು ಹಾಕಬೇಕಾ, ಲೇತ್ ಮಾಡಿಸಿದರೆ ಸಾಕಾ, ಹಾಗೇ ಬಿಡಬಹುದಾ?"

ಮುಖವನ್ನು ಪೆಟ್ರೋಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಹಗಲು ಬೆಳಕಿನಲ್ಲಿ ನೋಡಿ. ಬೂದು ಬಣ್ಣದ ಸಮನಾದ ಮೇಲ್ಮೈ ಇದ್ದು ಉಗುರಿಗೆ ಯಾವ ಗೆರೆಯೂ ಸಿಗದಿದ್ದರೆ, ಸಾಣೆ ಬಟ್ಟೆಯಿಂದ ಹೊಳಪನ್ನು ಮುರಿದು ಹಾಗೆಯೇ ಬಳಸಬಹುದು. ನೀಲಿ ಅಥವಾ ಕಪ್ಪು ಚುಕ್ಕೆಗಳು ಕಂಡರೆ ಅಲ್ಲಿ ಲೋಹ ಅತಿಯಾಗಿ ಕಾದಿದೆ. ಆ ಜಾಗ ಉಳಿದ ಭಾಗಕ್ಕಿಂತ ಗಡಸಾಗಿ, ಹೊಸ ಪ್ಲೇಟ್ ಹಾಕಿದ ಮೇಲೂ ನಡುಕ ಹೋಗುವುದಿಲ್ಲ. ಕೂದಲಿನಂಥ ಬಿರುಕುಗಳು ಮೇಲ್ಮೈಯಲ್ಲಷ್ಟೇ ಇದ್ದರೆ ಲೇತ್‌ನಲ್ಲಿ ಹೋಗುತ್ತವೆ, ಬೋಲ್ಟ್ ರಂಧ್ರದವರೆಗೆ ಅಥವಾ ಅಂಚಿನವರೆಗೆ ಹಬ್ಬಿದ್ದರೆ ಫ್ಲೈವೀಲನ್ನು ಎಸೆಯಬೇಕು, ಎರಡನೆಯ ಯೋಚನೆ ಬೇಡ. ಡಯಲ್ ಗೇಜ್ ಇರುವ ಗ್ಯಾರೇಜಿನಲ್ಲಿ ರನ್ ಔಟ್ ನೋಡಿಸಿ. ಒಂದು ಸುತ್ತಿನಲ್ಲಿ ಮುಖ 0.2 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ಅದಕ್ಕೆ ಕೆಲಸ ಬೇಕು.

"ಲೇತ್ ಅಂಗಡಿಯವರಿಗೆ ಏನು ಹೇಳಬೇಕು?"

ಇದು ಬರಿ 'ಮುಖ ಹೊಡೆಯಿರಿ' ಎಂದು ಕೊಟ್ಟು ಬರುವ ಕೆಲಸವಲ್ಲ. ಮೊದಲು ಫ್ಲೈವೀಲ್ ಯಾವ ಬಗೆಯದೆಂದು ನೋಡಿ. ಪ್ಲೇಟ್ ತಾಗುವ ಮುಖವೂ ಪ್ರೆಶರ್ ಪ್ಲೇಟ್ ಕೂರುವ ಅಂಚೂ ಒಂದೇ ಮಟ್ಟದಲ್ಲಿದ್ದರೆ ಅದು ಚಪ್ಪಟೆ ಬಗೆ, ಎಲ್ಲವನ್ನೂ ಒಟ್ಟಿಗೆ ಸಮ ಮಾಡಬಹುದು. ಅಂಚು ಮೇಲೆ, ಮುಖ ಕೆಳಗೆ ಎಂದು ಮೆಟ್ಟಿಲಿದ್ದರೆ, ಆ ಮೆಟ್ಟಿಲಿನ ಎತ್ತರವನ್ನು ಕೆಲಸಕ್ಕೆ ಮುನ್ನ ಅಳೆದು ಬರೆದುಕೊಡಬೇಕು ಮತ್ತು ಮುಖದಿಂದ ಎಷ್ಟು ತೆಗೆಯುತ್ತಾರೋ ಅಂಚಿನಿಂದಲೂ ಅಷ್ಟೇ ತೆಗೆಯಬೇಕು. ಮುಖವನ್ನು ಮಾತ್ರ ಅರ್ಧ ಮಿ.ಮೀ. ಇಳಿಸಿದರೆ, ಹೊಚ್ಚ ಹೊಸ ಪ್ಲೇಟ್ ಹಾಕಿದರೂ ಪ್ರೆಶರ್ ಪ್ಲೇಟಿನ ದೃಷ್ಟಿಯಲ್ಲಿ ಅದು ಅರ್ಧ ಮಿ.ಮೀ. ಸವೆದ ಪ್ಲೇಟೇ, ಒತ್ತಡ ಕಡಿಮೆಯಾಗಿ ಮೊದಲ ದಿನದಿಂದಲೇ ಜಾರತೊಡಗುತ್ತದೆ. ಹೊಸ ಸೆಟ್ಟಿನ ಮೇಲೆ ಬರುವ ಎಷ್ಟೋ ದೂರುಗಳ ಮೂಲ ಇದೇ.

ಡವೆಲ್ ಪಿನ್ನುಗಳನ್ನು ಕಳೆಯದಂತೆ ತೆಗೆದಿಡಲು ಹೇಳಿ. ಲೋಹವನ್ನು ಕಲೆ ಹೋಗುವಷ್ಟು ಮಾತ್ರ ತೆಗೆಯಲಿ. ತಯಾರಕರು ಕೊಟ್ಟ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗುವುದಾದರೆ ಬೇರೆ ಫ್ಲೈವೀಲ್ ಹುಡುಕಬೇಕು. ಸಾಧ್ಯವಿದ್ದಲ್ಲಿ ಕತ್ತರಿಸುವ ಟೂಲಿಗಿಂತ ಗ್ರೈಂಡಿಂಗ್ ಕಲ್ಲಿನ ಕೆಲಸ ಮೇಲು, ಏಕೆಂದರೆ ಕಾದು ಗಡಸಾದ ಚುಕ್ಕೆಗಳ ಮೇಲೆ ಟೂಲ್ ಹಾರಿ ಆ ಜಾಗ ಉಬ್ಬಾಗಿ ಉಳಿಯುತ್ತದೆ.

"ಸೆಲ್ಫ್ ಹೊಡೆದಾಗ ಕೆಲವೊಮ್ಮೆ ಬರೀ 'ಝರ್ರ್' ಅಂತ ಸದ್ದು. ರಿಂಗ್ ಗೇರ್ ಕೂಡ ಬದಲಿಸಬೇಕಾ?"

ರಿಂಗ್ ಗೇರ್ ಎಂದರೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಕಚ್ಚಿ ತಿರುಗಿಸುವ, ಫ್ಲೈವೀಲಿನ ಸುತ್ತಲಿನ ಹಲ್ಲಿನ ಉಂಗುರ. ಅದರ ಹಲ್ಲುಗಳು ಸುತ್ತಲೂ ಒಂದೇ ಸಮ ಸವೆಯುವುದಿಲ್ಲ. ಎಂಜಿನ್ ಆರಿದಾಗ ಯಾವುದೋ ಒಂದು ಸಿಲಿಂಡರಿನ ಕಂಪ್ರೆಷನ್ನಿಗೆ ಎದುರಾಗಿ ನಿಲ್ಲುವುದರಿಂದ, ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎದುರುಬದುರು ಎರಡು ಕಡೆ, ಮಾರುತಿ 800ರಂಥ ಮೂರು ಸಿಲಿಂಡರಿನಲ್ಲಿ ಮೂರು ಕಡೆ ಸೆಲ್ಫ್‌ನ ಪೆಟ್ಟು ಬೀಳುತ್ತದೆ. ಆ ಜಾಗಗಳಲ್ಲಿ ಹಲ್ಲಿನ ತುದಿ ತಿಂದುಹೋಗಿದ್ದರೆ, ಫ್ಲೈವೀಲ್ ಹೊರಗಿರುವಾಗಲೇ ರಿಂಗನ್ನು ಬದಲಿಸಬೇಕು. ಹೊಸ ರಿಂಗನ್ನು ಒಂದೇ ಸಮನಾಗಿ ಕಾಯಿಸಿ ಹಿಗ್ಗಿಸಿ ಕೂರಿಸುತ್ತಾರೆ. ಒಂದೇ ಜಾಗಕ್ಕೆ ಗ್ಯಾಸ್ ಜ್ವಾಲೆ ಹಿಡಿದು ಕೆಂಪಗೆ ಕಾಯಿಸಿದರೆ ಹಲ್ಲಿನ ಗಡಸುತನ ಹೋಗುತ್ತದೆ. ಹಲ್ಲಿನ ಇಳಿಜಾರು ಕತ್ತರಿಸಿದ ಬದಿ ಸೆಲ್ಫ್‌ನ ಪಿನಿಯನ್ ಬರುವ ಕಡೆಗಿರಬೇಕು.

"ಗುಜರಿಯಲ್ಲಿ ಫ್ಲೈವೀಲ್ ಸಿಗುತ್ತೆ. ತಗೋಬಹುದಾ?"

ಫ್ಲೈವೀಲನ್ನು ಖಂಡಿತ ಕೊಳ್ಳಬಹುದು, ಕ್ಲಚ್ಚನ್ನು ಕೊಳ್ಳಬಾರದು. ಹೊಸ ಫ್ಲೈವೀಲ್ ಸಿಗದ ಕಾರುಗಳಿಗೆ ಇದೇ ಮುಖ್ಯ ದಾರಿ. ಬೋಲ್ಟ್ ರಂಧ್ರಗಳ ಸಂಖ್ಯೆ, ರಿಂಗ್ ಗೇರಿನ ಹಲ್ಲುಗಳ ಸಂಖ್ಯೆ, ಒಟ್ಟು ದಪ್ಪ, ತೂಕ, ಈ ನಾಲ್ಕೂ ನಿಮ್ಮದಕ್ಕೆ ತಾಳೆಯಾಗಬೇಕು. ಕಟ್ಟಿದ ದಾರದಿಂದ ತೂಗುಬಿಟ್ಟು ಸ್ಪ್ಯಾನರಿನಿಂದ ಮೆಲ್ಲನೆ ತಟ್ಟಿ. ಗಂಟೆಯಂತೆ ನಾದ ಬಂದರೆ ಒಳ್ಳೆಯ ಲಕ್ಷಣ, 'ಟಪ್' ಎಂದು ಸತ್ತ ಸದ್ದು ಬಂದರೆ ಬಿರುಕಿನ ಸಂಶಯ. ಹಾಕುವ ಮುನ್ನ ಬ್ಯಾಲೆನ್ಸ್ ಮಾಡಿಸುವುದು ಕಡ್ಡಾಯ.

"ಫ್ಲೈವೀಲನ್ನು ಹಗುರ ಮಾಡಿಸಿದರೆ ಪಿಕಪ್ ಬರುತ್ತಂತಲ್ಲ?"

ಎಂಜಿನ್ ಬೇಗ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಎಂಜಿನ್ನಿನ ಬಲವೇನೂ ಹೆಚ್ಚುವುದಿಲ್ಲ. ರ‍್ಯಾಲಿ ಕಾರಿಗೆ ಅದು ಅನುಕೂಲ. ಮನೆಯ ಕಾರಿಗೆ, ಅದರಲ್ಲೂ ಒಂದು ಸುತ್ತಿನಲ್ಲಿ ಕಡಿಮೆ ಸಲ ಉರಿಯುವ ಮೂರು ಸಿಲಿಂಡರ್ ಎಂಜಿನ್ನಿಗೆ, ಐಡ್ಲಿಂಗ್ ನಡುಗುತ್ತದೆ, ಆಗುಂಬೆಯ ತಿರುವಿನಲ್ಲಿ ನಿಂತು ಹೊರಡುವಾಗ ಎಂಜಿನ್ ಆರುತ್ತದೆ, ಆರದಂತೆ ಹೆಚ್ಚು ಆಕ್ಸಿಲರೇಟರ್ ಕೊಟ್ಟು ಹೊಸ ಕ್ಲಚ್ಚನ್ನೇ ಸುಡುತ್ತೀರಿ.

## ಇನ್ನಷ್ಟು ಒಳಗೆ

"ಹೊಸ ಸೆಟ್ ಹಾಕಿಸಿ ಮೂರೇ ತಿಂಗಳಿಗೆ ಮತ್ತೆ ಜಾರ್ತಿದೆ. ಮಾಲೇ ಸರಿಯಿಲ್ಲವಾ?"

ನನಗೂ ಹೀಗೆಯೇ ಆಯಿತು, ನಾನೂ ಮೊದಲು ಮಾಲನ್ನೇ ದೂರಿದೆ. ಒಂದು ಗ್ಯಾರೇಜಿನಲ್ಲಿ ಪೂರ್ತಿ ಸೆಟ್ ಹಾಕಿಸಿದ್ದ ಕಾರು ಮಳೆಗಾಲ ಮುಗಿಯುವಷ್ಟರಲ್ಲಿ ಏರಿನಲ್ಲಿ ಜಾರತೊಡಗಿತು. ಎರಡನೆಯ ಸಲ ಬಿಚ್ಚಿಸಿದಾಗ ಪಕ್ಕದಲ್ಲೇ ನಿಂತಿದ್ದೆ. ಪ್ಲೇಟಿನ ಫೇಸಿಂಗ್ ಹೆಚ್ಚುಕಡಿಮೆ ಹೊಸದರಷ್ಟೇ ದಪ್ಪವಾಗಿತ್ತು, ಆದರೆ ಕಂದು ಬಣ್ಣದ ಬದಲು ಟಾರಿನಂತೆ ಕಪ್ಪಾಗಿ ಹೊಳೆಯುತ್ತಿತ್ತು. ಬೆರಳು ಇಟ್ಟರೆ ಅಂಟುತ್ತಿತ್ತು. ಫ್ಲೈವೀಲ್ ತೆಗೆದರೆ ಅದರ ಹಿಂದೆ ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲಿನ ತುಟಿ ಗಟ್ಟಿಯಾಗಿ ಬಿರಿದು, ಕೆಳಗೆ ಎಣ್ಣೆಯ ಗೆರೆ ಇಳಿದಿತ್ತು. ಸೀಲಿನ ಬೆಲೆ ಸೆಟ್ಟಿನ ಬೆಲೆಯ ಮುಂದೆ ಏನೇನೂ ಅಲ್ಲ, ಆದರೆ ಅದಕ್ಕಾಗಿ ಎರಡನೆಯ ಸಲ ಪೂರ್ತಿ ಕೂಲಿ ತೆತ್ತೆ. ಆ ದಿನದಿಂದ, ಸೀಲ್ ಸೋರಲಿ ಬಿಡಲಿ, ಫ್ಲೈವೀಲ್ ಬಿಚ್ಚಿದಾಗ ಹಿಂದಿನ ಕ್ರ್ಯಾಂಕ್ ಸೀಲನ್ನೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲನ್ನೂ ಬದಲಿಸದೆ ಮುಚ್ಚಲು ಬಿಡುವುದಿಲ್ಲ.

ಎಣ್ಣೆ ಎಲ್ಲಿಂದ ಬಂತೆಂದು ವಾಸನೆಯಿಂದಲೂ ತಿಳಿಯಬಹುದು. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ, ಎಂಜಿನ್ ಆಯಿಲ್ ಕಪ್ಪಗೆ ಸುಟ್ಟ ವಾಸನೆಯದು. ಎಣ್ಣೆ ಕುಡಿದ ಫೇಸಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ. ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

"ಅಂಬಾಸಡರ್‌ಗೆ ಇದೆಲ್ಲ ಅನ್ವಯಿಸುತ್ತಾ?"

ಅಳೆದು ಕೊಳ್ಳುವ ನಿಯಮ ಅಲ್ಲಿ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ 2014ರಲ್ಲಿ ತಯಾರಿಕೆ ನಿಂತ ಈ ಕಾರಿನಲ್ಲಿ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಮೂಲದ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್ನುಗಳೂ ಇಸುಜು ಮೂಲದವೂ ಇದ್ದವು, ಮತ್ತು ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದ ಕಾರುಗಳು ಊರೂರಿನಲ್ಲಿವೆ. ಹಳೆಯ ಬಿ.ಎಂ.ಸಿ. ಎಂಜಿನ್ನಿನವುಗಳಲ್ಲಿ ಡಯಾಫ್ರಾಮಿನ ಬದಲು ಸುರುಳಿ ಸ್ಪ್ರಿಂಗುಗಳೂ ಮೂರು ಲಿವರುಗಳೂ ಇರುವ ಪ್ರೆಶರ್ ಪ್ಲೇಟ್ ಕಾಣಸಿಗುತ್ತದೆ. ಅದರಲ್ಲಿ ಮೂರು ಲಿವರುಗಳ ಎತ್ತರ ಒಂದೇ ಆಗಿರುವಂತೆ ಹೊಂದಿಸಬೇಕು, ಇಲ್ಲವಾದರೆ ಪ್ಲೇಟ್ ಓರೆಯಾಗಿ ಬಿಟ್ಟು ಗೇರು ಕಿರುಚುತ್ತದೆ. ರಿಲೀಸ್ ಬೇರಿಂಗಿನ ಜಾಗದಲ್ಲಿ ಗುಂಡುಗಳಿಲ್ಲದ ಗ್ರಾಫೈಟ್ ಉಂಗುರ ಇರುತ್ತದೆ. ಪೆಡಲ್ ಒತ್ತಿದಷ್ಟು ಹೊತ್ತೂ ಅದು ಸವೆಯುತ್ತದೆ, ಆದ್ದರಿಂದ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯುವ ಅಭ್ಯಾಸ ಈ ಕಾರಿಗೆ ಅತ್ಯಗತ್ಯ.

"ನಮ್ಮದು ಹಳೆ ಆಕ್ಟೇವಿಯಾ ಡೀಸೆಲ್. ಡ್ಯುಯಲ್ ಮಾಸ್ ಫ್ಲೈವೀಲ್ ಅಂತೆ, ಬೆಲೆ ಕೇಳಿ ಹೆದರಿಕೆಯಾಯಿತು. ಸಾದಾ ಫ್ಲೈವೀಲ್ ಹಾಕಬಹುದಾ?"

ಡ್ಯುಯಲ್ ಮಾಸ್ ಫ್ಲೈವೀಲ್ ಎಂದರೆ ನಡುವೆ ಬಾಗಿದ ಸ್ಪ್ರಿಂಗುಗಳನ್ನಿಟ್ಟು ಜೋಡಿಸಿದ ಎರಡು ಚಕ್ರಗಳು; ಡೀಸೆಲ್ ಎಂಜಿನ್ನಿನ ಕುಲುಕಾಟ ಗೇರ್‌ಬಾಕ್ಸಿಗೆ ತಲುಪದಂತೆ ಅವು ನುಂಗಿಕೊಳ್ಳುತ್ತವೆ. 1980ರ ದಶಕದ ಮಧ್ಯಭಾಗದಲ್ಲಿ ಬಳಕೆಗೆ ಬಂದ ಈ ಬಗೆ 1.9 ಟಿ.ಡಿ.ಐ. ಆಕ್ಟೇವಿಯಾದಂಥ ಕಾರುಗಳ ಮೂಲಕ ನಮ್ಮ ಗ್ಯಾರೇಜುಗಳಿಗೂ ಬಂತು. ಎಂಜಿನ್ ಆಫ್ ಮಾಡಿದಾಗ ಕೆಳಗಿನಿಂದ 'ಕಡಕಡ' ಎಂಬ ಸದ್ದು ಬರುವುದು ಇದು ಸವೆದಿರುವ ಮೊದಲ ಸೂಚನೆ. ಬಿಚ್ಚಿದ ಮೇಲೆ ಎರಡು ಚಕ್ರಗಳ ನಡುವಿನ ತಿರುಗಾಟವನ್ನೂ ಓಲಾಟವನ್ನೂ ತಯಾರಕರ ಮಿತಿಯೊಂದಿಗೆ ಹೋಲಿಸಬೇಕು. ಒಳಗಿನ ಗ್ರೀಸ್ ಹೊರಚೆಲ್ಲಿದ್ದರೆ ಹೋಲಿಸುವುದೂ ಬೇಡ. ಇದನ್ನು ಸಾದಾ ಫ್ಲೈವೀಲಿನಂತೆ ಲೇತ್‌ಗೆ ಏರಿಸುವ ಮಾತೇ ಇಲ್ಲ.

ಸಾದಾ ಫ್ಲೈವೀಲಿಗೆ ಬದಲಿಸುವ ಕಿಟ್‌ಗಳು ಸಿಗುತ್ತವೆ. ಅವುಗಳ ಪ್ಲೇಟಿನಲ್ಲಿ ಡ್ಯಾಂಪರ್ ಸ್ಪ್ರಿಂಗುಗಳು ಇರುವುದರಿಂದ ಕಿಟ್ಟನ್ನು ಪೂರ್ತಿಯಾಗಿಯೇ ಕೊಳ್ಳಬೇಕು. ಹಳೆಯ ಪ್ಲೇಟನ್ನು ಸಾದಾ ಫ್ಲೈವೀಲಿಗೆ ಜೋಡಿಸಿದರೆ ಕುಲುಕಾಟವನ್ನು ತಡೆಯಲು ಏನೂ ಉಳಿಯುವುದಿಲ್ಲ. ಪೂರ್ತಿ ಕಿಟ್ ಹಾಕಿದರೂ ಐಡ್ಲಿಂಗ್‌ನಲ್ಲಿ ಗೇರುಗಳ ಸದ್ದು ಮತ್ತು ಕಡಿಮೆ ವೇಗದಲ್ಲಿ ನಡುಕ ಮೊದಲಿಗಿಂತ ಹೆಚ್ಚಿರುತ್ತದೆ. ಇನ್ನೂ ಐದಾರು ವರ್ಷ ಕಾರು ಇಟ್ಟುಕೊಳ್ಳುವ ಮನಸ್ಸಿದ್ದರೆ ಡ್ಯುಯಲ್ ಮಾಸನ್ನೇ ಹಾಕಿಸಿ ಎನ್ನುವುದು ನನ್ನ ಸಲಹೆ.

"ಪೆಡಲ್ ಕೆಳಗೇ ಉಳಿಯುತ್ತೆ, ಹೈಡ್ರಾಲಿಕ್ ಕ್ಲಚ್ಚಿದು. ಪ್ಲೇಟ್ ಬದಲಿಸಬೇಕಾ?"

ಮೊದಲು ಮಾಸ್ಟರ್ ಸಿಲಿಂಡರ್ ಮತ್ತು ಸ್ಲೇವ್ ಸಿಲಿಂಡರ್ ನೋಡಿ. ಸ್ಲೇವಿನ ರಬ್ಬರ್ ಬೂಟ್ ಎತ್ತಿದಾಗ ಒಳಗೆ ಒದ್ದೆಯಿದ್ದರೆ ದೋಷ ಅಲ್ಲಿದೆ, ಪ್ಲೇಟಿನಲ್ಲಲ್ಲ. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲನ್ನೇ ಹಾಕಬೇಕು. ಒಂದು ಸಲ ಎಂಜಿನ್ ಆಯಿಲ್ ಬಿದ್ದರೂ ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ.

"ಜೋಡಿಸುವಾಗ ಪಕ್ಕದಲ್ಲಿ ನಿಂತಿರ್ತೀನಿ. ಏನನ್ನು ಗಮನಿಸಲಿ?"

ಹೊಸ ಪ್ಲೇಟಿನ ಎರಡೂ ಮುಖಗಳನ್ನು ಎಣ್ಣೆ ಕೈಯಲ್ಲಿ ಮುಟ್ಟದಂತೆ ನೋಡಿಕೊಳ್ಳಿ. ಪ್ಲೇಟಿನ ಮೇಲೆ ಫ್ಲೈವೀಲಿನ ಬದಿ ಯಾವುದೆಂದು ಬರೆದಿದ್ದರೆ ಅದರಂತೆ, ಬರೆದಿಲ್ಲವಾದರೆ ಡ್ಯಾಂಪರ್ ಸ್ಪ್ರಿಂಗುಗಳು ಉಬ್ಬಿರುವ ಬದಿ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಕಡೆಗೆ ಬರುತ್ತದೆ. ಪ್ಲೇಟನ್ನು ನಡುವಿಗೆ ತರಲು ಅಲೈನ್‌ಮೆಂಟ್ ಟೂಲ್ ಅಥವಾ ಅದೇ ಗೇರ್‌ಬಾಕ್ಸಿನ ಹಳೆಯ ಇನ್‌ಪುಟ್ ಶಾಫ್ಟ್ ಬಳಸಬೇಕು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆಯಿಂದ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. ಫ್ಲೈವೀಲಿನ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಕಡ್ಡಾಯ, ಅಳತೆ ಸರ್ವಿಸ್ ಮ್ಯಾನ್ಯುಯಲ್ಲಿನದು.

ಸ್ಪ್ಲೈನಿಗೆ ಹಚ್ಚುವ ಗ್ರೀಸ್ ಕಾಡಿಗೆ ಹಚ್ಚಿದಷ್ಟು ತೆಳುವಾಗಿರಲಿ, ಹೆಚ್ಚಾದದ್ದು ಬಿಸಿಗೆ ಹಾರಿ ಫೇಸಿಂಗಿನ ಮೇಲೆ ಕೂರುತ್ತದೆ. ರಿಲೀಸ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಲು ಬಿಡಬೇಡಿ. ಅದು ಸೀಲ್ ಮಾಡಿದ ಬೇರಿಂಗ್, ಒಳಗಿನ ಗ್ರೀಸ್ ತೊಳೆದುಹೋದರೆ ಮತ್ತೆ ತುಂಬಲಾಗದು. ಗೇರ್‌ಬಾಕ್ಸ್ ಕೂರಿಸುವಾಗ ಅದರ ಪೂರ್ತಿ ಭಾರ ಪ್ಲೇಟಿನ ಹಬ್ಬಿನ ಮೇಲೆ ತೂಗಬಾರದು, ತೂಗಿದರೆ ಹೊಸ ಪ್ಲೇಟ್ ಅಲ್ಲೇ ಬಾಗುತ್ತದೆ. ಕೆಳಗೆ ಜ್ಯಾಕ್ ಕೊಟ್ಟು ಹಿಡಿದಿರಬೇಕು. ಬೆಲ್ ಹೌಸಿಂಗನ್ನು ಬೋಲ್ಟಿನಿಂದ ಎಳೆದು ಕೂರಿಸುತ್ತಿದ್ದರೆ ಕೆಲಸ ನಿಲ್ಲಿಸಿ. ಪ್ಲೇಟ್ ನಡುವಿನಲ್ಲಿದ್ದರೆ ಅದು ಕೈಯ ಒತ್ತಡಕ್ಕೇ ಕೂರುತ್ತದೆ.

"ಹಾಕಿಸಿ ಆಯಿತು. ಮೊದಲ ದಿನದಿಂದಲೇ ಹೇಗೆ ಬೇಕಾದರೂ ಓಡಿಸಬಹುದಾ?"

ಹೊಸ ಫೇಸಿಂಗಿನ ಮೇಲ್ಮೈ ಫ್ಲೈವೀಲಿನ ಮುಖಕ್ಕೆ ಪೂರ್ತಿ ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕು. ಮೊದಲ 500 ಕಿ.ಮೀ. ಊರೊಳಗೆ ಸಾಧಾರಣವಾಗಿ ಓಡಿಸಿ. ಅಷ್ಟರವರೆಗೆ ಪೂರ್ತಿ ಲೋಡ್ ತುಂಬಿಕೊಂಡು ಘಾಟ್ ಹತ್ತಬೇಡಿ, ಬೇರೆ ಗಾಡಿಯನ್ನು ಎಳೆಯಬೇಡಿ. ಮೊದಲ ಒಂದೆರಡು ದಿನ ತುಸು ವಾಸನೆ ಬರುವುದು ಸಹಜ, ವಾರ ಕಳೆದರೂ ಬರುತ್ತಿದ್ದರೆ ಸಹಜವಲ್ಲ. 500 ಕಿ.ಮೀ. ಆದ ಮೇಲೆ ಕೇಬಲ್ಲಿನ ಫ್ರೀ ಪ್ಲೇಯನ್ನು ಮತ್ತೊಮ್ಮೆ ಅಳೆಸಿ, ಮತ್ತು ಬೆಲ್ ಹೌಸಿಂಗಿನ ಕೆಳಗಿನ ರಂಧ್ರದ ಹತ್ತಿರ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಒಣಗಿಯೇ ಬಂದರೆ ಸೀಲ್‌ಗಳು ಸರಿಯಾಗಿ ಕುಳಿತಿವೆ.